ನೀರಿಗೆ ಇಳಿಸಿದ್ದೆಯಾ ಎಂದು ಕೇಳಿದಾಗ

ಹರ್ತಿ, ಗದಗ ತಾಲೂಕು
೧೭ ನವೆಂಬರ್ ೨೦೨೫, ಸೋಮವಾರ

ಪ್ರೀತಿಯ ಅಪ್ಪಾ,

ಎಡಗಾಲಿನ ಸೆಳೆತ ಹೇಗಿದೆ? ಲಕ್ಷ್ಮೇಶ್ವರದ ಅಕ್ಕನ ಮನೆಯಲ್ಲಿ ಪಡಸಾಲೆಯಿಂದ ಬಚ್ಚಲಿಗೆ ಹೋಗುವಾಗ ಎರಡು ಮೆಟ್ಟಿಲು ಇಳಿಯಬೇಕು, ಅಲ್ಲಿ ನೆಲ ಸದಾ ಹಸಿ. ಕೋಲಿನ ತುದಿಯ ರಬ್ಬರು ಸವೆದು ಹೋಗಿದ್ದು ನೀನು ಹೊರಡುವ ಮುಂಚೆಯೇ ನೋಡಿದ್ದೆ, ಹೇಳುವಷ್ಟು ಹೊತ್ತು ನೀನು ನಿಲ್ಲಲಿಲ್ಲ. ಭಾಗ್ಯಕ್ಕನಿಗೆ ಹೇಳಿ ಹೊಸದು ಹಾಕಿಸಿಕೋ. ಇಲ್ಲಿ ಅವ್ವ ಆರಾಮ ಇದ್ದಾಳೆ. ಅಗಸಿ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟಿದ್ದಾಳೆ. ನಿನಗೆ ಕಳಿಸಲೋ, ನೀನೇ ಬರುತ್ತೀಯೋ ಎಂದು ದಿನಕ್ಕೊಮ್ಮೆ ನನ್ನ ಮುಖ ನೋಡುತ್ತಾಳೆ, ಬಾಯಿಬಿಟ್ಟು ಕೇಳುವುದಿಲ್ಲ. ಮೆಂತ್ಯ, ಸಬ್ಬಸಿಗೆ, ಗಜ್ಜರಿ ಬೀಜದ ಚೀಲಗಳನ್ನು ಇಲಿ ಮುಟ್ಟದಂತೆ ಅಟ್ಟಕ್ಕೆ ಏರಿಸಿದ್ದೇನೆ.

ಹನ್ನೊಂದು ದಿನದಿಂದ ನನ್ನ ಫೋನು ಕಟ್ ಮಾಡುತ್ತಿದ್ದೀಯ. ಅದಕ್ಕೇ ಪತ್ರ. ಇದನ್ನು ಹರಿದು ಹಾಕಬಹುದು, ನೀನು ಹರಿಯುವುದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ. ಆದರೆ ಹರಿಯುವ ಮುಂಚೆ ಒಂದು ಸಾಲಾದರೂ ಕಣ್ಣಿಗೆ ಬೀಳುತ್ತದಲ್ಲ, ಆ ಸಾಲನ್ನು ಇಲ್ಲಿಯೇ ಬರೆದುಬಿಡುತ್ತೇನೆ. ಉಸ್ಮಾನ್ ಕಾಕಾ ನಮಗೆ ಮೋಸ ಮಾಡಿಲ್ಲ. ಅವನ ಎದುರು, ನಿನ್ನ ಎದುರು, ಸುಳ್ಳು ಹೇಳಿದವನು ನಾನು.

ದಸರೆಯಲ್ಲಿ ನಿನ್ನ ಕಾರಿಗೆ ಪೂಜೆ ಮಾಡುವ ಹಿಂದಿನ ದಿನದ ಮಾತು. ಗಾಲಿಯ ಕೆಳಗೆ ಇಡಲು ಅವ್ವ ನಾಲ್ಕು ಲಿಂಬೆಹಣ್ಣು ತಂದಿಟ್ಟಿದ್ದಳು. ನಾನು ನನ್ನ ಟ್ರಂಕಿನಿಂದ ಒಂದು ಪುಸ್ತಿಕೆ ತೆಗೆದು, ಯಂತ್ರಕ್ಕೆ ಬೇಕಾದದ್ದು ಎಣ್ಣೆ ಮತ್ತು ಕಾಳಜಿಯೇ ಹೊರತು ಲಿಂಬೆಹಣ್ಣಲ್ಲ ಎಂದು ಅರ್ಧ ತಾಸು ಓದಿ ಹೇಳಿದೆ. ಅವ್ವ ಆ ಹಣ್ಣುಗಳನ್ನು ಕೊಯ್ದು ಉಪ್ಪಿನಕಾಯಿ ಹಾಕಿದಳು. ಅದೇ ದಿನ ಗದಿಗೆವ್ವ ಅತ್ತೆಗೆ ಬೀಜ ಕೊಟ್ಟು ಬರಲು ನನ್ನನ್ನು ಕೊರ್ಲಹಳ್ಳಿಗೆ ಕಳಿಸಿದೆ. ಚಾವಿ ಕೊಡುವಾಗ ನೀನು ಹೇಳಿದ್ದು ಒಂದೇ ಮಾತು: “ಹೊಳಿ ದಂಡಿಗೆ ಒಯ್ಯಬ್ಯಾಡ. ಅದು ಟ್ರ್ಯಾಕ್ಟರ್ ಅಲ್ಲ.”

ಅತ್ತೆಯ ಮನೆಯಿಂದ ಹೊಳೆ ಎಷ್ಟು ದೂರ, ನಿನಗೆ ಗೊತ್ತು. ಅಂದು ದಂಡೆಯ ತುಂಬ ಟ್ರ್ಯಾಕ್ಟರು, ಟಂಟಂ, ಸೈಕಲ್ ಮೋಟಾರು, ಎಲ್ಲವೂ ಹಬ್ಬದ ಸ್ನಾನಕ್ಕೆ ನಿಂತಿದ್ದವು. ನಾನು ದೂರವೇ ನಿಲ್ಲಿಸಿ ನೋಡುತ್ತಿದ್ದೆ. ಹೋದ ವರ್ಷ ರೇಷನ್ ತೂಕದ ಮೇಲೆ ನಾನು ಬರೆದ ಕರಪತ್ರ ಆ ಊರಿಗೂ ಹೋಗಿತ್ತಂತೆ, ಒಬ್ಬ ಗುರುತು ಹಿಡಿದ. “ಏನ್ರೀ ಕರಪತ್ರದ ಸಾಹೇಬ್ರ, ನಿಮ್ಮ ಗಾಡಿಗೆ ಕಾಲು ತೋಯಿಸಿಕೊಳ್ಳಾಕೂ ಅಂಜಿಕಿ ಐತೇನು?” ಎಂದ. ನಾಲ್ಕು ಮಂದಿ ನಕ್ಕರು. ಅಪ್ಪಾ, ನಾಲ್ಕು ಮಂದಿ ನಕ್ಕದ್ದಕ್ಕೆ ನಾನು ಗಾಡಿಯನ್ನು ಬಾಗಿಲಿನ ಅಂಚಿನವರೆಗೆ ನೀರಿಗೆ ಇಳಿಸಿದೆ. ಹಿಂದಕ್ಕೆ ತರುವಾಗ ಗಾಲಿ ಮರಳಿನಲ್ಲಿ ಹೂತು, ಎಂಜಿನ್ನು ಅರಚಿಸಿ ಅರಚಿಸಿ ಮೇಲೆ ತಂದೆ. ಮನೆಗೆ ಬರುವಷ್ಟರಲ್ಲಿ ಒಣಗಿ ಥಳಥಳ ಹೊಳೆಯುತ್ತಿತ್ತು. ಊರ ಬಾವಿಯ ನೀರಿನಿಂದ ಒರೆಸಿದೆ ಎಂದು ನಿನಗೆ ಹೇಳಿದೆ. ಅದು ಮೊದಲನೆಯ ಸುಳ್ಳು. ಸಣ್ಣದು ಎಂದುಕೊಂಡಿದ್ದೆ.

ವಾರದಲ್ಲಿ ಎಂಜಿನ್ನಿನ ಹಳದಿ ದೀಪ ಹತ್ತಿತು. ಗೇರು ಬದಲಾಗುವಾಗ ಹಿಂದಿನಿಂದ ಯಾರೋ ಒದ್ದ ಹಾಗೆ ಗಾಡಿ ಜಗ್ಗತೊಡಗಿತು. ನಾನು ಮೊಬೈಲಿಗೆ ಜೋಡಿಸುವ, ಕಡ್ಡಿಪೆಟ್ಟಿಗೆಯಷ್ಟು ದೊಡ್ಡ ಒಂದು ಯಂತ್ರ ತರಿಸಿ ಸ್ಟೇರಿಂಗಿನ ಕೆಳಗೆ ಚುಚ್ಚಿದೆ. ಪರದೆಯ ಮೇಲೆ ಪಿ ೦೭೫೩ ಎಂದು ಬಂತು, ಕೆಳಗೆ ಶಿಫ್ಟ್ ಸೊಲೆನಾಯ್ಡ್ ‘ಎ’, ಎಲೆಕ್ಟ್ರಿಕಲ್ ಎಂದು. ಸೊಲೆನಾಯ್ಡ್ ಅಂದರೆ ಏನೆಂದು ಎರಡು ದಿನ ಓದಿದೆ. ಗೇರ್ ಪೆಟ್ಟಿಗೆಯೊಳಗೆ ಎಣ್ಣೆ ಓಡಾಡುವ ಕಾಲುವೆಗಳಿವೆ. ಯಾವ ಕಾಲುವೆಗೆ ಎಣ್ಣೆ ಬಿಡಬೇಕೋ ಅದರ ತೂಬನ್ನು ಕರೆಂಟಿನಿಂದ ಎತ್ತುವ, ಇಳಿಸುವ ಸಣ್ಣ ಸಾಮಾನು ಅದು. ಕ್ಲಚ್ ತುಳಿಯುವ ಎಡಗಾಲು ಮಾಡಬೇಕಾದ ಕೆಲಸವನ್ನು ನಿನ್ನ ಗಾಡಿಯಲ್ಲಿ ಅಂಥ ಕೆಲವು ತೂಬುಗಳು ಸೇರಿ ಮಾಡುತ್ತವೆ. ಓದಿ ತಿಳಿದೆ ಎಂಬ ಸೊಕ್ಕು ಬಂತು ನನಗೆ. ಸಾಲಿನ ಕೊನೆಯಲ್ಲಿದ್ದ ‘ಎಲೆಕ್ಟ್ರಿಕಲ್’ ಎಂಬ ಮಾತನ್ನು ಮಾತ್ರ ಓದಿಯೂ ಓದಲಿಲ್ಲ. ತೂಬು ಕೆಟ್ಟಿದೆ ಎಂದು ಅದು ಹೇಳುತ್ತಿರಲಿಲ್ಲ. ತೂಬಿಗೆ ಕರೆಂಟು ಹೋಗಿ ಬರುವ ದಾರಿಯಲ್ಲಿ ಎಲ್ಲೋ ತೊಂದರೆ ಇದೆ, ಅದು ತೂಬೇ ಇರಬಹುದು, ವೈರು ಇರಬಹುದು, ಪ್ಲಗ್ಗು ಇರಬಹುದು, ಹುಡುಕಿರಿ ಎಂದು ಹೇಳುತ್ತಿತ್ತು.

ಮರುದಿನ ನಾವಿಬ್ಬರೂ ಗದಗಿಗೆ, ಉಸ್ಮಾನ್ ಕಾಕಾನ ಗ್ಯಾರೇಜಿಗೆ ಹೋದೆವು. ಅವನು ಯಾರದೋ ಗಾಡಿಯ ಕೆಳಗೆ ಮಲಗಿದ್ದವನು ತಲೆಯಷ್ಟೇ ಹೊರಗೆ ಹಾಕಿ, ಅರ್ಧ ಹೆಸರು ನಮ್ಮದು ಇಟಗೊಂಡಾವ ಬಂದ ನೋಡ್ರಿ ಎಂದು ಎಂದಿನಂತೆ ನಕ್ಕ. ಶಿರಹಟ್ಟಿಯ ಫಕೀರೇಶನ ಹೆಸರು ನನಗಿಟ್ಟದ್ದು ನೀನು, ಅದರೊಳಗಿನ ಫಕೀರನಿಗೆ ನಗುವ ಹಕ್ಕು ಅವನದು. ನಾನು ನಗಲಿಲ್ಲ. ಮೊಬೈಲನ್ನು ಅವನ ಮುಖಕ್ಕೆ ಹಿಡಿದೆ. ಅವನು ಕೈ ಒರೆಸಿಕೊಂಡು ಓದಿ, ಮೊದಲು ಕೇಳಿದ್ದು ಇದನ್ನೇ: “ಗಾಡಿ ನೀರಾಗ ಏನಾರ ಇಳಿಸಿದ್ದೇನು ತಮ್ಮಾ?”

ನೀನು ನನ್ನ ಬಲಕ್ಕೆ, ಕೋಲು ಊರಿಕೊಂಡು ನಿಂತಿದ್ದೆ. ನಾನು ಇಲ್ಲ ಎಂದೆ. ಎರಡನೆಯ ಸಲವೂ ಕೇಳಿದ. ನನಗೆ ಸಿಟ್ಟು ಬಂದ ಹಾಗೆ ಮಾಡಿ, ಇಲ್ಲ ಅಂತ ಹೇಳಿದೆನಲ್ಲ ಎಂದೆ. ಹಾಗಾದರೆ ಎರಡು ದಿನ ಗಾಡಿ ಬಿಟ್ಟು ಹೋಗಿರಿ, ಕಂಪ್ಯೂಟರಿನಿಂದ ಗೇರ್ ಪೆಟ್ಟಿಗೆಯವರೆಗೆ ಒಂದೊಂದೇ ವೈರು ಹಿಡಿದು ನೋಡುತ್ತೇನೆ ಎಂದ. ಗ್ರಾಹಕರ ಹಕ್ಕುಗಳ ಪುಸ್ತಿಕೆಯಲ್ಲಿ ಓದಿದ್ದೆ, ಕೆಲಸ ಎಳೆಯುವವನನ್ನು ನಂಬಬೇಡಿ, ಲಿಖಿತದಲ್ಲಿ ಕೇಳಿರಿ ಎಂದು. ಅಲ್ಲೇ ಒಂದು ಹಾಳೆ ತೆಗೆದು, ಈ ಸಾಮಾನನ್ನೇ ಬದಲಿಸತಕ್ಕದ್ದು ಎಂದು ಬರೆದು ಸಹಿ ಮಾಡಿ ಕೊಟ್ಟೆ. ಅವನು ಆ ಹಾಳೆಯನ್ನು ನೋಡಿ, ನಿನ್ನನ್ನು ನೋಡಿ ಅಂದದ್ದು ನಿನಗೂ ನೆನಪಿರಬೇಕು. “ಹೊಟ್ಟಿ ನೋಯ್ತೈತಿ ಅಂದ್ರ ಯಾರೂ ಹೊಟ್ಟಿನ ಬದಲಿ ಮಾಡಂಗಿಲ್ಲ. ಆತು, ಓದಿದಾಂವ ಅದಾನ, ಅವನ ಮಾತ ನಡೀಲಿ.”

ಹುಬ್ಬಳ್ಳಿಯಿಂದ ಸಾಮಾನು ಬಂತು, ಹಾಕಿದ. ದೀಪ ಆರಿತು. ದೀಪಾವಳಿಯ ತುಂಬ ನೀನು ಮುಂಡರಗಿ, ಲಕ್ಷ್ಮೇಶ್ವರ ಎಂದು ಸಂತೆ ಸುತ್ತಿ ಬೀಜ ಮಾರಿ ಬಂದೆ, ನನ್ನ ಎದೆ ಉಬ್ಬಿತು. ಮುಂದೆ ಶಿರಹಟ್ಟಿ ಸಂತೆಯ ದಿನ. ನನಗೆ ಫೋನು ಬಂದದ್ದು ಮೂರು ಗಂಟೆಗೆ. ಬೈಕು ಹತ್ತಿ ಬಂದು ನೋಡಿದರೆ, ಏರಿನ ನಡುವೆ ಗಾಡಿ ಮೂರನೆಯ ಗೇರಿನಲ್ಲಿ ಕಚ್ಚಿಕೊಂಡು ನಿಂತಿತ್ತು. ತೊಂದರೆ ಕಂಡಾಗ ಪೆಟ್ಟಿಗೆ ಪುಡಿಯಾಗಬಾರದೆಂದು ಅದು ತಾನೇ ಒಂದೇ ಗೇರಿಗೆ ಸೀಮಿತವಾಗುತ್ತದಂತೆ, ಆ ಗೇರಿನಲ್ಲಿ ಬೀಜದ ಭಾರ ಹೊತ್ತು ಏರು ಹತ್ತುವುದು ಆಗುವುದಿಲ್ಲ. ಹಿಂದೆ ಲಾರಿಗಳ ಸಾಲು. ಯಾರೋ ಇಬ್ಬರು ನಿನ್ನನ್ನು ಕಂಕುಳಲ್ಲಿ ಕೈ ಹಾಕಿ ಎತ್ತಿ ತಂದು ರಸ್ತೆಯ ಬದಿಗೆ, ಬೀಜದ ಚೀಲದ ಮೇಲೆ ಕೂರಿಸಿದ್ದರು. ಐದು ವರ್ಷದ ಹಿಂದೆ ಉಸ್ಮಾನ್ ಕಾಕಾ ಎಂಟು ತಿಂಗಳು ತಿರುಗಿ ಕ್ಲಚ್ಚಿಲ್ಲದ ಈ ಗಾಡಿ ಹುಡುಕಿ ತಂದ ದಿನ ನೀನು ಅವ್ವನಿಗೆ ಹೇಳಿದ್ದೆ, ಇನ್ನ ಯಾರೂ ನನ್ನ ಎತ್ತಿ ಬಸ್ಸಿಗೆ ಹಾಕೂದು ಬ್ಯಾಡ ಎಂದು. ಚೀಲದ ಮೇಲೆ ಕೂತ ನೀನು ಟವೆಲಿನಿಂದ ಮುಖ ಮುಚ್ಚಿಕೊಂಡದ್ದು ಬಿಸಿಲಿಗಲ್ಲ ಎಂದು ನನಗೆ ಗೊತ್ತಿತ್ತು.

ಆ ಹೊತ್ತಿಗೆ ನನಗೆ ಯಾರಾದರೂ ಒಬ್ಬರು ತಪ್ಪಿತಸ್ಥರು ಬೇಕಾಗಿದ್ದರು. ಯಂತ್ರ ಚುಚ್ಚಿದರೆ ಮತ್ತೆ ಅದೇ ಪಿ ೦೭೫೩. ಹೊಸ ಸಾಮಾನು ಹಾಕಿದ್ದರೆ ಮತ್ತೆ ಹೇಗೆ ಬಂತು? ಹಳೆಯದನ್ನೇ ಒರೆಸಿ ಹಾಕಿದ್ದಾನೆ. ಲೆಕ್ಕ ಇಷ್ಟು ಸಲೀಸಾಗಿ ಕೂತಿತು ನೋಡು. ಹೊಳೆ ನನಗೆ ನೆನಪಾಗಲಿಲ್ಲವೇ ಎಂದು ನೀನು ಕೇಳಬಹುದು. ನೆನಪಾಗಿತ್ತು. ಅದನ್ನು ತಳ್ಳಿ ಬದಿಗಿಟ್ಟೆ. ಬೆಟಗೇರಿಯ ಮೌನೇಶನ ಪ್ರೆಸ್ಸಿಗೆ ಹೋಗಿ ‘ಗ್ರಾಹಕರೇ, ಎಚ್ಚರ’ ಎಂಬ ತಲೆಬರಹದಲ್ಲಿ ಐದುನೂರು ಕರಪತ್ರ ಹಾಕಿಸಿದೆ. ಉಸ್ಮಾನಸಾಬ ಎಂಬ ಹೆಸರು, ಗ್ಯಾರೇಜಿನ ಗುರುತು, ಅಂಗವಿಕಲ ವೃದ್ಧನಿಗೆ ಮಾಡಿದ ವಂಚನೆ, ಎಲ್ಲ ಬರೆದೆ. ನಿನ್ನನ್ನು ವೃದ್ಧ ಎಂದು ಬರೆದದ್ದಕ್ಕೂ ಕ್ಷಮೆ ಇರಲಿ, ಆ ಶಬ್ದ ಅಲ್ಲಿ ಚೆನ್ನಾಗಿ ಕೂತಿತ್ತು. ಗದಗಿನ ನಾಕಾದಿಂದ ಬಸ್ ಸ್ಟ್ಯಾಂಡಿನವರೆಗೆ ನಾನೇ ಗಂಜಿ ಹಚ್ಚಿ ಅಂಟಿಸಿದೆ. ಕೊನೆಯ ಹತ್ತನ್ನು ನಮ್ಮೂರಿಗೆ ತಂದೆ.

ಗ್ರಾಮ ಪಂಚಾಯ್ತಿಯ ಗೋಡೆಯ ಮುಂದೆ ನಿಂತು ನೀನು ಅದನ್ನು ಪೂರ್ತಿ ಓದಿದೆ. ಕೋಲಿನ ತುದಿಯಿಂದ ಮೂಲೆ ಎಬ್ಬಿಸಿ ಹರಿದೆ. ಆಮೇಲೆ ನನ್ನತ್ತ ತಿರುಗಿ ಹೇಳಿದೆ: “ಇದರಾಗ ಒಂದ ಅಕ್ಷರನೂ ತಪ್ಪಿಲ್ಲಲೇ. ಆದ್ರ ಒಂದ ಮಾತೂ ಖರೆ ಇಲ್ಲ.” ಸಂಜೆಯ ಬಸ್ಸಿಗೆ ಲಕ್ಷ್ಮೇಶ್ವರಕ್ಕೆ ಹೊರಟುಬಿಟ್ಟೆ. ನಿನ್ನನ್ನು ಬಸ್ಸಿಗೆ ಎತ್ತಿ ಕೂರಿಸಲು ನಾನು ಕೈ ಮುಂದೆ ಮಾಡಿದರೆ, ನನ್ನ ಕೈ ಸರಿಸಿ ಕಂಡಕ್ಟರನನ್ನು ಕರೆದೆ. ನನಗೆ ನೀನು ಕೊಟ್ಟ ಶಿಕ್ಷೆ ಅಷ್ಟೇ, ಸಾಕಾಗುವಷ್ಟಿತ್ತು. ಆದರೂ ನನ್ನ ತಲೆ ನೆಟ್ಟಗೇ ಇತ್ತು. ಸ್ನೇಹಿತನ ಮುಲಾಜಿಗೆ ಅಪ್ಪ ಸತ್ಯ ಬಿಟ್ಟ ಎಂದು ಅವ್ವನ ಮುಂದೆ ಭಾಷಣ ಮಾಡಿದೆ. ಅವಳು, ನಿಮ್ಮಪ್ಪನ ಹೆಸರು ನಿನ್ನ ಬಾಯಾಗ ಸದ್ಯ ಬ್ಯಾಡ, ಉಣ್ಣು ಎಂದಳು.

ಮೊನ್ನೆ ಶನಿವಾರ ಬೆಳಿಗ್ಗೆ ಉಸ್ಮಾನ್ ಕಾಕಾನ ಮಗಳು ಫರ್ಹಾನಾ ಸ್ಕೂಟಿಯ ಮೇಲೆ ನಮ್ಮ ಮನೆಗೆ ಬಂದಳು. ಡಿಪ್ಲೊಮಾ ಮುಗಿಸಿ ಗ್ಯಾರೇಜಿನ ಕರೆಂಟಿನ ಕೆಲಸವನ್ನು ಈಗ ಅವಳೇ ನೋಡುತ್ತಾಳೆ. ಅಬ್ಬಾಗೆ ಗೊತ್ತಿಲ್ಲ ನಾನು ಬಂದದ್ದು, ಗಾಡಿ ಎಲ್ಲಿದೆ ತೋರಿಸಿ ಎಂದಳು. ಆ ಏರಿನಿಂದ ಎಳೆಸಿ ತಂದು ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದೆ. ಗೋಣಿ ಹಾಸಿ, ಕೆಳಗೆ ತೂರಿ, ಗೇರ್ ಪೆಟ್ಟಿಗೆಯ ಬದಿಗಿದ್ದ ದಪ್ಪ ಪ್ಲಗ್ಗನ್ನು ಬಿಚ್ಚಿದಳು. ಹೊರಗೆ ಬಂದು, ನನ್ನ ಕೈ ಚಾಚಲು ಹೇಳಿ, ಅದನ್ನು ನನ್ನ ಅಂಗೈ ಮೇಲೆ ತಟ್ಟಿದಳು. ಪ್ಲಗ್ಗಿನ ಕಡ್ಡಿಗಳಿಗೆ ಹಸಿರು ಕಿಲುಬು ಹತ್ತಿತ್ತು. ನನ್ನ ಅಂಗೈಯಲ್ಲಿ ಒಂದು ಚಿಟಿಕೆ ಮರಳು, ಅಭ್ರಕದ ಹಾಗೆ ಮಿನುಗುವ ಬೂದು ಮರಳು ಬಿತ್ತು.

“ನಿಮ್ಮೂರಾಗ ಕರೀ ಎರಿ ಮಣ್ಣ ಅಲ್ಲೇನ್ರಿ? ಇದು ಎಲ್ಲೀದು?”

ಕೊರ್ಲಹಳ್ಳಿಯ ಹೊಳೆಯದು, ನೋಡಿದ ಕೂಡಲೇ ಗುರುತಾಯಿತು. ಅವಳು ಇನ್ನೊಮ್ಮೆ ಕೇಳಲಿಲ್ಲ. ಪ್ಲಗ್ಗನ್ನು ಬ್ರಶ್ಶಿನಿಂದ ಉಜ್ಜಿ, ಔಷಧ ಹೊಡೆದು, ತಿಂದುಹೋದ ಎರಡು ಕಡ್ಡಿ ಬದಲಿಸಿ, ಮೀಟರು ಹಿಡಿದು ಒಂದೊಂದೇ ವೈರು ನೋಡಿ ಮತ್ತೆ ಹಾಕಿದಳು. ಸಾಮಾನು ಬದಲಿಸುವಾಗ ವೈರು ಅಲುಗಾಡಿ ಕೆಲವು ದಿನ ಕಚ್ಚಿಕೊಂಡಿತ್ತಂತೆ, ಅದಕ್ಕೇ ದೀಪಾವಳಿಯಲ್ಲಿ ಗಾಡಿ ಓಡಿದ್ದು. ಹೊಸ ಸಾಮಾನು ಹೊಸದೇ ಇದೆ, ಹಳೆಯದೂ ಸರಿಯಾಗಿಯೇ ಇತ್ತು ಎಂದಳು. ನಾನು ಎಲ್ಲವನ್ನೂ ಅವಳಿಗೆ ಹೇಳಿದೆ. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. “ಅಬ್ಬಾಂದೂ ತಪ್ಪೈತ್ರಿ. ನೀವು ಇಲ್ಲ ಅಂದ್ರಿ ಅಂತ ಆ ಪ್ಲಗ್ ಬಿಚ್ಚಿ ನೋಡಲಿಲ್ಲ. ನಂಬಿದ್ರು,” ಎಂದಳಷ್ಟೇ.

ಆಮೇಲೆ ತನ್ನ ಮೊಬೈಲು ತೋರಿಸಿದಳು. ನನ್ನ ಕರಪತ್ರದ ಫೋಟೋ ಊರೂರಿನ ಗುಂಪುಗಳಲ್ಲಿ ತಿರುಗಿ ಬಂದಿದೆ. ಅದರ ಕೆಳಗೆ ಯಾರೋ ಎರಡು ಸಾಲು ಸೇರಿಸಿದ್ದಾರೆ, ಆ ಜನರ ಗ್ಯಾರೇಜಿಗೆ ಗಾಡಿ ಬಿಡಬೇಡಿ, ನಮ್ಮವರಲ್ಲಿಗೇ ಹೋಗಿ ಎಂದು. ಅಪ್ಪಾ, ನಾನು ಯಾವುದರ ವಿರುದ್ಧ ಹತ್ತು ಪುಸ್ತಿಕೆ ಓದಿದ್ದೆನೋ, ಅದರ ತಲೆಯ ಮೇಲೆ ನನ್ನ ಹೆಸರು, ನನ್ನ ಸಹಿ. ಆ ಎರಡು ಸಾಲು ನಾನು ಬರೆದದ್ದಲ್ಲ, ಆದರೆ ಅವು ಅಂಟಿಕೊಳ್ಳಲು ಗೋಡೆ ಕಟ್ಟಿಕೊಟ್ಟವನು ನಾನೇ. ಶಾಲೆಯ ಎರಡು ವ್ಯಾನಿನವರು, ಬಾಡಿಗೆ ಕಾರಿನವರು ನಾಲ್ಕು ಮಂದಿ ಉಸ್ಮಾನ್ ಕಾಕಾನನ್ನು ಬಿಟ್ಟು ಹೋಗಿದ್ದಾರೆ. ಅವನು ಯಾರಿಗೂ ಏನೂ ಹೇಳಿಲ್ಲವಂತೆ. ಗೋಣೆಪ್ಪನ ಮಗ ಬರೆದಾನ, ಏನಾರ ಇರಬೇಕು, ನಾ ಎಲ್ಲೆ ತಪ್ಪಿದೆ ನೋಡೂಣು ಎಂದು ಹಳೆಯ ಸೊಲೆನಾಯ್ಡನ್ನು ಮೇಜಿನ ಮೇಲಿಟ್ಟುಕೊಂಡು ದಿನಾ ಮೀಟರು ಹಿಡಿಯುತ್ತಿದ್ದನಂತೆ. ಇದನ್ನು ಹೇಳಿ ಫರ್ಹಾನಾ ಮೊಬೈಲು ಒಳಗಿಟ್ಟು ಸ್ಕೂಟಿ ಹತ್ತಿದಳು.

ನಿನ್ನೆ ಗಾಡಿ ಹೊಡೆದುಕೊಂಡು ಅವನಲ್ಲಿಗೆ ಹೋದೆ. ಭಾನುವಾರವಾದರೂ ಗ್ಯಾರೇಜು ತೆರೆದಿತ್ತು, ಒಳಗೆ ಒಂದು ಗಾಡಿಯೂ ಇರಲಿಲ್ಲ. ನಿಂತುಕೊಂಡೇ ಹೇಳಿದೆ, ಹೊಳೆ, ಮರಳು, ಎರಡು ಸಲ ಹೇಳಿದ ‘ಇಲ್ಲ’, ಎಲ್ಲವನ್ನೂ. ಅವನು ಸಾಬೂನು ಪುಡಿಯಲ್ಲಿ ಕೈ ತಿಕ್ಕುತ್ತಿದ್ದವನು ಕೊನೆಯವರೆಗೂ ತಿಕ್ಕುತ್ತಲೇ ಇದ್ದ. “ನೀರಿಗೆ ಇಳಿಸಿದ್ದು ದೊಡ್ಡದಲ್ಲೋ. ಮಂದಿ ಎಲ್ಲಾ ಇಳಸ್ತಾರ, ಬಂದು ಹೇಳ್ತಾರ, ನಾ ಬೈತೀನಿ, ಒಣಗಿಸಿ ಕೊಡ್ತೀನಿ. ಹೂಂ ಅಂದಿದ್ರ ಅರ್ಧಾ ತಾಸಿನ ಕೆಲಸ ಇತ್ತು,” ಎಂದ. ಕಾಲು ಹಿಡಿಯಲು ಬಗ್ಗಿದೆ. ಹಿಂದಕ್ಕೆ ಸರಿದು, ಇದನ್ನ ಬಾಗಿಲ ಮುಚ್ಚಿ ಮಾಡಬ್ಯಾಡ, ಗೋಡಿ ಮ್ಯಾಲೆ ಬರದಿ, ಗೋಡಿ ಮ್ಯಾಲೇ ಮಾಡು ಎಂದ. ನನ್ನ ಕೈಯಿಂದ ಚಾವಿ ತೆಗೆದುಕೊಂಡು ಮೊಳೆಗೆ ನೇತು ಹಾಕಿದ. ಗಾಡಿ ಗೋಣೆಪ್ಪಂದು, ಅವನ ಕೈಗೇ ಕೊಡ್ತೀನಿ ಎಂದ. ನಾನು ಬಸ್ಸಿಗೆ ಬಂದೆ.

ಈಗ ಮೌನೇಶನ ಪ್ರೆಸ್ಸಿಗೆ ಎರಡನೆಯ ಕರಪತ್ರ ಕೊಟ್ಟಿದ್ದೇನೆ. ‘ನಾನು ಸುಳ್ಳು ಹೇಳಿದೆ’ ಎಂಬುದೇ ತಲೆಬರಹ. ಗಾಡಿಯನ್ನು ಹೊಳೆಗೆ ಇಳಿಸಿದವನು ನಾನು, ಕೇಳಿದಾಗ ಮುಚ್ಚಿಟ್ಟವನು ನಾನು, ಉಸ್ಮಾನಸಾಬರು ಹೊಸ ಸಾಮಾನನ್ನೇ ಹಾಕಿದ್ದರು, ನನ್ನ ಹಾಳೆಯ ಕೆಳಗೆ ಬೇರೆಯವರು ಸೇರಿಸಿದ ಮಾತು ನನಗೆ ಹೇಸಿಗೆ ಎಂದು ಬರೆದಿದ್ದೇನೆ. ಈ ಸಲ ಐದುನೂರು ಸಾಲದು, ಸಾವಿರ. ಮೊದಲಿನವು ಎಲ್ಲೆಲ್ಲಿವೆಯೋ ಅವುಗಳ ಮೇಲೆಯೇ ಅಂಟಿಸುತ್ತೇನೆ. ಇದನ್ನು ಹಗಲು ಹೊತ್ತಿನಲ್ಲೇ ಮಾಡುತ್ತೇನೆ, ಮಂದಿ ನಿಂತು ನೋಡಲಿ. ಬಿಟ್ಟು ಹೋದ ವ್ಯಾನಿನವರ ಮನೆಗಳಿಗೆ ನಾನೇ ನಡೆದು ಹೋಗುತ್ತೇನೆ. ಅವರು ಮರಳಿ ಬರುತ್ತಾರೆಂದು ನನಗೆ ನಂಬಿಕೆ ಇಲ್ಲ. ಸುಳ್ಳಿನ ಫೋಟೋ ತಿರುಗಿದ ಹಾಗೆ ಇದು ತಿರುಗುವುದಿಲ್ಲ.

ಭಾಗ್ಯಕ್ಕನಿಗೂ ಹನಮಂತ ಮಾವನಿಗೂ ನನ್ನ ನಮಸ್ಕಾರ ಹೇಳು. ಮನೆಗೆ ಬಂದುಬಿಡು ಎಂದು ಕೇಳುವ ಮುಖ ನನಗಿಲ್ಲ, ಅವ್ವನ ಪರವಾಗಿ ಬರೆಯುತ್ತಿದ್ದೇನೆ, ಬಾ.

ನಿನ್ನ ಪಾದಕ್ಕೆ ತಲೆ ಹಚ್ಚಿ,
ಫಕೀರೇಶ

ತಾ. ಕ.: ಲಕೋಟೆಗೆ ಹಾಕುವಷ್ಟರಲ್ಲಿ ಗದಿಗೆವ್ವ ಅತ್ತೆಯ ಫೋನು ಬಂತು, ಅಂಚೆಯವನು ಇನ್ನೇನು ಹೊರಡುತ್ತಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಾನು ಗಾಡಿಯನ್ನು ಹೊಳೆಗೆ ಇಳಿಸಿದ್ದನ್ನು ಅವಳು ದಂಡೆಯಲ್ಲಿದ್ದವರಿಂದ ಕೇಳಿ ಅದೇ ಸಂಜೆ ನಿನಗೆ ಫೋನಿನಲ್ಲಿ ತಿಳಿಸಿದ್ದಳಂತೆ. ಅಂದರೆ ಉಸ್ಮಾನ್ ಕಾಕಾ ಕೇಳಿದಾಗ, ಎರಡು ಸಲವೂ, ನಿನಗೆ ಗೊತ್ತಿತ್ತು. ಮಗನ ಮಾನ ಹೋಗಬಾರದೆಂದು ಸುಮ್ಮನೆ ನಿಂತೆ. ಅಪ್ಪಾ, ನೀನು ಲಕ್ಷ್ಮೇಶ್ವರಕ್ಕೆ ಹೋದದ್ದು ನನ್ನ ಮೇಲಿನ ಸಿಟ್ಟಿಗಷ್ಟೇ ಅಲ್ಲ, ಉಸ್ಮಾನ್ ಕಾಕಾನಿಗೆ ಮುಖ ತೋರಿಸಲಾರದೆಯೂ ಹೌದು ಎಂದು ಈಗ ಅರ್ಥವಾಯಿತು. ಕರಪತ್ರದಲ್ಲಿ ಸತ್ಯ ಪೂರ್ತಿ ಇರಬೇಕು ಎನ್ನುತ್ತಿದ್ದವನು ನಾನೇ, ಆದರೆ ಇದನ್ನು ಅದರಲ್ಲಿ ಸೇರಿಸುವುದಿಲ್ಲ. ಉಸ್ಮಾನ್ ಕಾಕಾನಿಗೂ ಹೇಳುವುದಿಲ್ಲ. ಅದು ನಾನು ಗೋಡೆಗೆ ಹಚ್ಚುವ ಮಾತಲ್ಲ, ನೀನು ಅವನಿಗೆ ಹೇಳಬೇಕಾದ ಮಾತು. ಚಾವಿ ತೆಗೆದುಕೊಳ್ಳಲು ಹೋದಾಗ ಹೇಳು. ಗದಗಿನ ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ, ಇಳಿಸಿಕೊಳ್ಳಲು ಕೈ ಕೊಟ್ಟರೆ ಹಿಡಿಯುತ್ತೇನೆ. ನೀವಿಬ್ಬರೂ ಮಾತಾಡುವಷ್ಟು ಹೊತ್ತು ಗ್ಯಾರೇಜಿನ ಹೊರಗೆ ನಿಂತಿರುತ್ತೇನೆ.